ನಿಮಗಿದು ಗೊತ್ತೇ? ಕರುಳಿನ ಕ್ಯಾನ್ಸರಿಗೆ ಮರದ ಬಣ್ಣ!

ದೊಡ್ಡ ಕರುಳಿನಲ್ಲೊಂದು ಪುಟ್ಟ ಗಂಟು. ಕೊಲನೋಸ್ಕೋಪಿಯಲ್ಲೇ ಕತ್ತರಿಸಿ ತೆಗೆದಾಯ್ತು. ಆದರೆ ಕ್ಯಾನ್ಸರ್ ಅಷ್ಟರಲ್ಲೇ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹಾರಿಬಿಟ್ಟಿದ್ದರೆ? ಗ್ರಂಥಿಯನ್ನು ಮುಟ್ಟದೆಯೇ ಡಾಕ್ಟರು ಅಂದಾಜು ಹೇಳುತ್ತಾರೆ. ಹೇಗೆ ಗೊತ್ತೇ? ತೆಗೆದ ಚೂರಿಗೆ ಬಣ್ಣ ಹಚ್ಚಿ!

ಇಂಥ ಆರಂಭದ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಜನರ ಗ್ರಂಥಿಗಳಲ್ಲಿ ಏನೂ ಇರುವುದಿಲ್ಲ. ಉಳಿದ ಹತ್ತು ಜನ ಯಾರು? ಪತ್ತೆದಾರಿಕೆ ನಡೆಯೋದೇ ಅಲ್ಲಿ!

ಆ ಚೂರನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಸೀಳುತ್ತಾರೆ. ಬಣ್ಣವಿಲ್ಲದಿದ್ದರೆ ಸ್ಲೈಡಿನಲ್ಲಿ ಏನೂ ಸರಿಯಾಗಿ ಕಾಣದು.

ಹೀಗೆ ಹಚ್ಚುವ ನೇರಳೆ ಬಣ್ಣ ಬರುವುದು ಮೆಕ್ಸಿಕೊ ಕಡೆಯ ಲಾಗ್‌ವುಡ್ ಮರದ ತಿರುಳಿನಿಂದ. ಒಂದು ಕಾಲದಲ್ಲಿ ಕಡಲ್ಗಳ್ಳರು ಸ್ಪೇನಿನ ಹಡಗುಗಳಿಂದ ದೋಚುತ್ತಿದ್ದ ಮರ ಅದು! ಬಣ್ಣ ಕಚ್ಚಿಕೊಳ್ಳಲು ಬೆರೆಸುವುದೇನು ಹೇಳಿ? ಕ್ಷೌರದಂಗಡಿಯ ಪಟಿಕ! ಜೊತೆಗೆ ಹಚ್ಚುವ ಗುಲಾಬಿ ಬಣ್ಣದ ಇಯೋಸಿನ್ ಕೆಂಪು ಶಾಯಿಯಲ್ಲೂ ಇದೆ.

ಈಗ ಸೂಕ್ಷ್ಮದರ್ಶಕದಲ್ಲಿ ಇಣುಕಿ. ಗಡ್ಡೆಯ ಅಂಚಿನಿಂದ ಒಂದೆರಡು ಜೀವಕೋಶಗಳು ಕಳಚಿಕೊಂಡು ಹೊರಟಿವೆ. ಒಂದರಿಂದ ನಾಲ್ಕು ಕೋಶಗಳ ಈ ಪುಟ್ಟ ಗುಂಪಿಗೆ ‘ಮೊಗ್ಗು’ ಅಂತಲೇ ಹೆಸರು! ಮೊಗ್ಗು ಹೆಚ್ಚಾದಷ್ಟೂ ಗ್ರಂಥಿಗೆ ಹರಡಿರುವ ಭಯ ಹೆಚ್ಚು.

ಅವನ್ನು ಎಣಿಸುವ ಜಾಗ ಎಷ್ಟು ದೊಡ್ಡದು? ಒಂದೇ ಮಿಲಿಮೀಟರ್ ಅಗಲದ ವೃತ್ತ. ರಾಗಿ ಕಾಳಿನಷ್ಟು ಅನ್ನಿ! ಅಷ್ಟರಲ್ಲಿ ಹತ್ತು ಮೊಗ್ಗು ಸಿಕ್ಕರೆ ಎಚ್ಚರಿಕೆಯ ಗಂಟೆ. ಈ ಲೆಕ್ಕಕ್ಕೆ ಜಗತ್ತಿನ ತಜ್ಞರು ಒಪ್ಪಿದ್ದು 2016ರಲ್ಲಷ್ಟೇ, ಸ್ವಿಟ್ಜರ್‌ಲೆಂಡಿನ ಬರ್ನ್‌ನಲ್ಲಿ.

ಕ್ಯಾನ್ಸರ್ ಗ್ರಂಥಿಗೆ ಸಾಗುವ ದಾರಿಯಾದ ದುಗ್ಧನಾಳ ಇನ್ನೂ ಮಾಯಾವಿ. ಮಾಮೂಲಿ ಬಣ್ಣದಲ್ಲಿ ಅದು ಬರೀ ಬಿರುಕಿನಂತೆ ಕಂಡು ಮೋಸ ಮಾಡುತ್ತದೆ. ಅದಕ್ಕೇ ಡಿ2-40 ಎಂಬ ಪ್ರತಿಕಾಯ. ನಾಳದ ಗೋಡೆಗೆ ಕಂದು ಗೆರೆ ಎಳೆದುಬಿಡುತ್ತದೆ. ಒಳಗೆ ಕ್ಯಾನ್ಸರ್ ಕೋಶ ಕಂಡಿತೋ, ಸಿಕ್ಕಿಬಿದ್ದಂತೆಯೇ!

ನಮ್ಮ ಮೈಸೂರಿಗೂ ಲ್ಯಾಬಿನ ಬಣ್ಣಗಳಿಗೂ ಏನು ನಂಟು ಅಂತೀರಾ? ಇಲ್ಲಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚಲು ಒದಗಿಸುತ್ತಿರುವ ಶಾಯಿಯ ಜೀವಾಳ ಸಿಲ್ವರ್ ನೈಟ್ರೇಟ್. 1873ರಲ್ಲಿ ಇಟಲಿಯ ವಿಜ್ಞಾನಿ ಗಾಲ್ಜಿ ನರಕೋಶಗಳನ್ನು ಕಪ್ಪಾಗಿಸಿ ತೋರಿಸಿದ್ದೂ ಅದೇ ಉಪ್ಪಿನಿಂದ! ಅಂಗಾಂಶದ ಎಳೆಗಳನ್ನು ಕಾಣಿಸಲು ಲ್ಯಾಬುಗಳು ಇವತ್ತಿಗೂ ಬೆಳ್ಳಿಯನ್ನೇ ಬಳಸುತ್ತವೆ.

ಬಣ್ಣ ಅಪಾಯ ಹೇಳಿತು, ಆಪರೇಷನ್ನೂ ಆಯಿತು. ಆಮೇಲೆ? ಕತ್ತರಿಸಿ ತೆಗೆದ ಕರುಳಿಗೆ ಅಂಟಿದ ಕೊಬ್ಬನ್ನು ಬೆರಳಿನಿಂದ ತಡಕಿ ತಡಕಿ ಕನಿಷ್ಠ 12 ಗ್ರಂಥಿ ಹುಡುಕಬೇಕು. ಎಷ್ಟೋ ಗ್ರಂಥಿಗಳು ಐದು ಮಿಲಿಮೀಟರೂ ಇರುವುದಿಲ್ಲ ನೋಡಿ!