ಕರುಳಿನ ಸೂಕ್ಷ್ಮಜೀವಿಗಳೂ ಕೀಲುನೋವೂ

ಕೀಲುನೋವು ವೃದ್ಧಾಪ್ಯದ ಸಂಗಾತಿಯೆಂಬುದು ಬಹುಕಾಲದ ನಂಬಿಕೆ. ಸವೆತದಿಂದ ಬರುವ ಮಂಡಿನೋವಿನ ಮಟ್ಟಿಗೆ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ತುಂಬು ಹರೆಯದಲ್ಲಿಯೇ ಕೀಲುಗಳು ಬಾತು, ಬೆಳಗಿನ ಹೊತ್ತು ಬೆರಳು ಮಡಿಸಲಾರದೆ ನರಳುವವರೂ ಉಂಟು. ಇಂಥ ಉರಿಯೂತದ ಮೂಲವನ್ನು ಅರಸಿ ಹೊರಟ ವೈದ್ಯವಿಜ್ಞಾನವು ಕರುಳಿನ ಬಾಗಿಲಿಗೆ ಬಂದು ನಿಂತಿರುವುದು ಕುತೂಹಲಕರ ಸಂಗತಿಯಾಗಿದೆ.

ನಮ್ಮ ದೊಡ್ಡ ಕರುಳಿನಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಅವುಗಳಲ್ಲಿ ಅನೇಕವು ಉಪಕಾರಿಗಳು. ನಾವು ಅರಗಿಸಲಾರದ ನಾರಿನಂಶವನ್ನು ಒಡೆಯುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ. ಕರುಳಿನ ಒಳಮೈಯಾದರೋ ಒಂದೇ ಸಾಲಿನ ಜೀವಕೋಶಗಳ ತೆಳುಗೋಡೆ. ಅದರ ಆಚೆ ರೋಗನಿರೋಧಕ ಕಣಗಳ ದೊಡ್ಡ ಪಡೆಯೇ ಕಾವಲಿರುತ್ತದೆ. ಹಾನಿಕರ ಜೀವಿಗಳು ಗೋಡೆಯನ್ನು ಭೇದಿಸಿದಾಗ ಆ ಪಡೆ ಎಚ್ಚೆತ್ತು ಹೋರಾಡುತ್ತದೆ. ಕೆಲವರಲ್ಲಿ ಭೇದಿ ನಿಂತ ಮೇಲೂ ಅದು ಶಮನಗೊಳ್ಳದೆ ಕೀಲುಗಳಲ್ಲಿ ಉರಿಯೂತವನ್ನುಂಟುಮಾಡುತ್ತದೆ.

1962ರಲ್ಲಿ ಅಮೆರಿಕದ ನೌಕಾಪಡೆಯ ಹಡಗೊಂದರಲ್ಲಿ 600ಕ್ಕೂ ಹೆಚ್ಚು ಮಂದಿ ಶಿಗೆಲ್ಲ ಎಂಬ ಬ್ಯಾಕ್ಟೀರಿಯದಿಂದ ಆಮಶಂಕೆಗೆ ತುತ್ತಾದರು. ಅವರಲ್ಲಿ ಸುಮಾರು ಹತ್ತು ಮಂದಿಗೆ ಮಾತ್ರ ತರುವಾಯ ಕೀಲುಗಳ ಉರಿಯೂತ ಕಾಣಿಸಿಕೊಂಡಿತು. ಉಳಿದವರಿಗೆ ಏಕಿಲ್ಲ? ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಇಂಥ ರೋಗಗಳಿಗೂ ಇರುವ ನಂಟು 1973ರಲ್ಲಿ ಬೆಳಕಿಗೆ ಬಂದಿತು. ಮುಂದೆ ಆ ನಾವಿಕರಲ್ಲಿ ಐವರನ್ನು ಪತ್ತೆಹಚ್ಚಿ ಪರೀಕ್ಷಿಸಲಾಗಿ, ನಾಲ್ವರಲ್ಲಿ ಈ ಗುರುತಿತ್ತು. ಇದೇ ಗುಣಾಣುವನ್ನು ಸೇರಿಸಿದ ಇಲಿಗಳನ್ನು ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದಾಗ ಅವುಗಳಿಗೆ ಕರುಳಿನ ಬೇನೆಯಾಗಲಿ ಕೀಲಿನ ಬೇನೆಯಾಗಲಿ ಬರಲಿಲ್ಲವೆಂದು 1994ರಲ್ಲಿ ವರದಿಯಾಯಿತು. ಬೀಜವೊಂದೇ ಸಾಲದು, ಹೊಲವೂ ಹದವಾಗಿರಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಂಧಿವಾತಕ್ಕೆ ಸೂಕ್ಷ್ಮಜೀವಿಗಳು ಕಾರಣವಿರಬಹುದೆಂದು ಬಗೆದು, ಸ್ವೀಡನ್ನಿನ ವೈದ್ಯೆ ನ್ಯಾನ್ನಾ ಸ್ವಾರ್ಟ್ಸ್ 1940ರ ಸುಮಾರಿಗೆ ಸಲ್ಫಾಸಲಜೀನ್ ಎಂಬ ಔಷಧಿಯ ಪ್ರಯೋಗ ಕೈಗೊಂಡರು. ಇಂದಿಗೂ ಬಳಕೆಯಲ್ಲಿರುವ ಈ ಔಷಧಿಯನ್ನು ಒಡೆದು ಬಿಡಿಸುವವು ಕರುಳಿನ ಬ್ಯಾಕ್ಟೀರಿಯಗಳೇ! 2013ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಹೊಸದಾಗಿ ಸಂಧಿವಾತಕ್ಕೆ ತುತ್ತಾಗಿ ಇನ್ನೂ ಚಿಕಿತ್ಸೆ ಪಡೆಯದಿದ್ದ 44 ಮಂದಿಯಲ್ಲಿ 33 ಮಂದಿಯ ಕರುಳಿನಲ್ಲಿ ಪ್ರಿವೊಟೆಲ್ಲ ಕೋಪ್ರಿ ಎಂಬ ಬ್ಯಾಕ್ಟೀರಿಯವನ್ನು ಕಂಡರು. ಆರೋಗ್ಯವಂತರಾದ 28 ಮಂದಿಯಲ್ಲಿ ಅದು ಕಂಡುದು ಆರು ಮಂದಿಯಲ್ಲಿ ಮಾತ್ರ. ಆದರೆ ಜೊತೆಯಲ್ಲಿ ಕಂಡುದೆಲ್ಲ ಕಾರಣವಾಗದು. ಆದ್ದರಿಂದ ಕರುಳನ್ನು ಶುದ್ಧಿಮಾಡುವೆವೆಂಬ ಜಾಹೀರಾತುಗಳಿಗೆ ಮರುಳಾಗಿ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವುದು ಅಪಾಯಕರ. ಸಂಧಿವಾತದಲ್ಲಿ ಕಳೆದುಹೋದ ಕಾಲದೊಡನೆ ಕೀಲೂ ಕೆಡುತ್ತದೆ.

ಭೇದಿಯಾದ ಕೆಲವು ವಾರಗಳಲ್ಲಿ ಕೀಲು ಬಾತರೆ, ಕಣ್ಣು ಕೆಂಪಾದರೆ, ಮೂತ್ರ ಉರಿದರೆ, ಹಿಂದೆ ಭೇದಿಯಾಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ನೂರಾರು ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ಪ್ರಸಾದ ನಿಲಯಗಳಲ್ಲಿ ಶುದ್ಧ ನೀರು, ಸಾಬೂನಿನಿಂದ ತೊಳೆದ ಕೈ, ಬಿಸಿಯಾದ ಅಡುಗೆ ಇವು ಹೊಟ್ಟೆಯ ರಕ್ಷಣೆಗಷ್ಟೇ ಅಲ್ಲ, ಕೀಲುಗಳ ರಕ್ಷಣೆಗೂ ಅವಶ್ಯಕ. ಕಾಯಕಕ್ಕೆ ಕಾಯವೇ ಸಾಧನ. ಅದರ ಕೀಲುಗಳನ್ನು ಕಾಯುವ ಕೆಲಸ ಕೈತೊಳೆಯುವಲ್ಲಿಂದಲೇ ಆರಂಭವಾಗುತ್ತದೆ.