ಚೌಕ ಆಯತವೇ?

ಹೈಸ್ಕೂಲಿನ ಹೊಸ್ತಿಲಲ್ಲಿರುವ ಮಕ್ಕಳನ್ನು ಕೇಳಿ ನೋಡಿ: ಚೌಕ ಆಯತವೇ? ಅಲ್ಲ ಎನ್ನುವವರೇ ಹೆಚ್ಚು. ಆಯತವೆಂದ ಮೇಲೆ ಉದ್ದವೇ ಬೇರೆ, ಅಗಲವೇ ಬೇರೆ ಇರಬೇಕಲ್ಲವೇ? ಮೇಷ್ಟ್ರು ಉತ್ತರಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ಆದರೆ ಆ ಮಗುವಿನ ಪಕ್ಷ ವಹಿಸಲು ಸಾಕ್ಷಾತ್ ಯೂಕ್ಲಿಡ್ ಇದ್ದಾನೆ. ಕ್ರಿಸ್ತಪೂರ್ವ 300ರ ಸುಮಾರಿಗೆ ಅವನು ಕೊಟ್ಟ ವ್ಯಾಖ್ಯೆಯ ಪ್ರಕಾರ, ಕೋನಗಳೆಲ್ಲ ಲಂಬವಾಗಿದ್ದು ಬಾಹುಗಳು ಸಮವಲ್ಲದ್ದೇ ಆಯತ. ಚೌಕಕ್ಕೆ ಅಲ್ಲಿ ಪ್ರವೇಶವಿಲ್ಲ.

ಇಂದಿನ ಪಠ್ಯಪುಸ್ತಕ ಬಾಗಿಲು ತೆರೆದಿದೆ. ಅದರ ಹಿಂದಿರುವುದು ಲೆಕ್ಕಾಚಾರದ ಜಾಣತನ. ಆಯತದ ಕರ್ಣಗಳು ಸಮ ಎಂದು ಒಮ್ಮೆ ಸಾಧಿಸಿದರೆ ಸಾಕು, ಚೌಕಕ್ಕೂ ಅದು ಪುಕ್ಕಟೆ ಸಿಗುತ್ತದೆ. ವಜ್ರಾಕೃತಿಯ ಕರ್ಣಗಳು ಲಂಬವಾಗಿ ಛೇದಿಸುತ್ತವೆ ಎಂಬುದೂ ಹಾಗೆಯೇ. ಬೇರೆ ಬೇರೆ ಇಟ್ಟರೆ ಒಂದೇ ಸಾಧನೆಯನ್ನು ಎರಡೆರಡು ಸಲ ಬರೆಯುತ್ತ ಕೂರಬೇಕು.

ನಮ್ಮವರು ಇನ್ನೊಂದು ದಾರಿ ಹಿಡಿದಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ತ್ರಿಭುಜಕ್ಕೆ ಮೂರು, ಚತುರ್ಭುಜಕ್ಕೆ ಐದು ಬಗೆ ಹೇಳುತ್ತಾನೆ. ಸಮ, ದ್ವಿದ್ವಿಸಮ, ದ್ವಿಸಮ, ತ್ರಿಸಮ, ವಿಷಮ: ಎಷ್ಟು ಬಾಹುಗಳು ಸಮ ಎಂಬುದೇ ಅಳತೆಗೋಲು. ಮೂರು ಬಾಹು ಸಮವಿರುವ ಆಕೃತಿಗೆ ನಮ್ಮ ಶಾಲೆಯಲ್ಲಿ ಪ್ರತ್ಯೇಕ ಹೆಸರೇ ಇಲ್ಲ; ಅವನಲ್ಲಿದೆ. ಆದರೆ ಈ ಹೆಸರುಗಳಲ್ಲಿ ಕೋನದ ಸುದ್ದಿಯಿಲ್ಲ. ಒಂದೇ ಉದ್ದದ ನಾಲ್ಕು ಕಡ್ಡಿಗಳನ್ನು ತುದಿಗೆ ತುದಿ ಸೇರಿಸಿ ಸಡಿಲವಾಗಿ ಕಟ್ಟಿ, ಒಂದು ಬದಿಗೆ ತಳ್ಳಿ. ಚೌಕ ವಾಲಿ ವಜ್ರಾಕೃತಿಯಾಗುತ್ತದೆ, ಒಳಗಿನ ಜಾಗ ಕುಗ್ಗುತ್ತದೆ, ಬಾಹುಗಳು ಮಾತ್ರ ಇದ್ದಷ್ಟೇ ಇರುತ್ತವೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಸಿಡುಕಿದ್ದು ಇದಕ್ಕೇ. ಲಂಬವನ್ನಾಗಲಿ ಕರ್ಣವನ್ನಾಗಲಿ ಕೊಡದೆ ಚತುರ್ಭುಜದ ಕ್ಷೇತ್ರಫಲ ಕೇಳುವವನು ಪಿಶಾಚಿ, ಉತ್ತರಿಸಲು ಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎಂದುಬಿಟ್ಟ. ಪ್ರಶ್ನೆಪತ್ರಿಕೆ ತಯಾರಿಸುವವರು ಈ ಮಾತನ್ನು ಮೇಜಿನ ಮೇಲೆ ಅಂಟಿಸಿಕೊಳ್ಳಬಹುದು.

ಮಕ್ಕಳು ಎಡವುವುದು ಬೇರೆ ಕಡೆ. ಡಚ್ ಶಿಕ್ಷಕ ದಂಪತಿ ಪಿಯರ್ ವಾನ್ ಹೀಲೆ ಮತ್ತು ಡೀನಾ 1957ರಲ್ಲಿ ಯೂಟ್ರೆಕ್ಟ್‌ನಲ್ಲಿ ಮಂಡಿಸಿದ ಪ್ರಬಂಧಗಳು ಇದನ್ನು ಹಂತಹಂತವಾಗಿ ವಿವರಿಸಿದವು. ಮಗು ಮೊದಲು ಆಕೃತಿಯ ಮುಖ ನೋಡಿ ಗುರುತಿಸುತ್ತದೆ. ಆಮೇಲೆ ಗುಣಗಳನ್ನು ಎಣಿಸಲು ಕಲಿಯುತ್ತದೆ. ಒಂದು ಗುಣವಿದ್ದರೆ ಇನ್ನೊಂದು ಇರಲೇಬೇಕು ಎಂಬ ನಂಟು ಹೊಳೆಯುವುದು ಅದರ ನಂತರ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಬರೆದರೆ ಎಷ್ಟೋ ಮಕ್ಕಳಿಗೆ ಅದು ಇಸ್ಪೀಟಿನ ಡೈಮಂಡ್, ಚೌಕವಾಗಿ ಉಳಿದಿರುವುದಿಲ್ಲ. ಇದರಲ್ಲಿ ಪುಸ್ತಕಗಳ ಪಾಲೂ ಇದೆ ಎಂದೇ ನನ್ನ ಅನಿಸಿಕೆ. ಚೌಕವನ್ನು ಸದಾ ಅಡಿಪಾಯದ ಮೇಲೆ ನೆಟ್ಟಗೆ ಕೂರಿಸಿ, ಆಯತವನ್ನು ಸದಾ ಅಡ್ಡಕ್ಕೆ ಮಲಗಿಸಿ ಬರೆದರೆ ಮಗು ಅದನ್ನೇ ಲಕ್ಷಣವೆಂದು ನಂಬದೆ ಇನ್ನೇನು ಮಾಡೀತು?

ಇಷ್ಟಾದರೂ ಜಗಳ ಮುಗಿದಿಲ್ಲ. ತ್ರಾಪಿಜ್ಯಕ್ಕೆ ಒಂದೇ ಜೊತೆ ಸಮಾಂತರ ಬಾಹುಗಳಿರಬೇಕೋ, ಕನಿಷ್ಠ ಒಂದಿದ್ದರೆ ಸಾಕೋ? ಸಾಕು ಎಂದರೆ ಸಮಾಂತರ ಚತುರ್ಭುಜವೂ ತ್ರಾಪಿಜ್ಯವೇ. ಕ್ಷೇತ್ರಫಲದ ಸೂತ್ರ ಅದಕ್ಕೂ ಸರಿಯಾಗಿ ಹೊಂದುತ್ತದೆ. ನನ್ನ ಒಲವೂ ಅತ್ತಲೇ. ಆದರೆ ಸಮದ್ವಿಬಾಹು ತ್ರಾಪಿಜ್ಯ ಬಂದಾಗ ತೊಡಕು. ಸಮಾಂತರವಲ್ಲದ ಎರಡು ಬಾಹುಗಳು ಸಮ ಎಂಬ ಹಳೆಯ ವ್ಯಾಖ್ಯೆಯಿಂದ ‘ಸಮಾಂತರವಲ್ಲದ’ ಎಂಬ ಷರತ್ತನ್ನು ಸುಮ್ಮನೆ ತೆಗೆದುಹಾಕಿದರೆ ಎಲ್ಲ ಸಮಾಂತರ ಚತುರ್ಭುಜಗಳೂ ಒಳನುಗ್ಗುತ್ತವೆ, ಕರ್ಣಗಳು ಸಮ ಎಂಬ ಪ್ರಮೇಯ ಕುಸಿಯುತ್ತದೆ. ಹಾಗಾಗಿ ಈ ಪಕ್ಷದವರು ಬಾಹುಗಳನ್ನು ಬಿಟ್ಟು ಪಾದಕೋನಗಳು ಸಮವಿರಬೇಕು ಎಂದು ವ್ಯಾಖ್ಯೆಯನ್ನೇ ತಿದ್ದಿ ಬರೆಯುತ್ತಾರೆ. ಆಗ ಆಯತ ಒಳಗೆ ಬರುತ್ತದೆ, ವಾಲಿದ ಸಮಾಂತರ ಚತುರ್ಭುಜ ಹೊರಗೇ ಉಳಿಯುತ್ತದೆ.