ಕಾಲ್ ಸೆಂಟರ್‌ಗೆ ಎರಡು ನೆಲೆ: ಒಂದು ನಿಂತರೂ ಕರೆ ನಿಲ್ಲದಿರಲಿ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮಹಾನಗರವೇ ಸ್ತಬ್ಧವಾಯಿತು. 2006ರ ಏಪ್ರಿಲ್ 12ರಂದು ವರನಟ ಡಾ. ರಾಜ್‌ಕುಮಾರ್ ಅವರು ನಿಧನರಾದಾಗ ಬೆಂಗಳೂರಿನ ವ್ಯವಹಾರ ಸ್ಥಗಿತಗೊಂಡಿತು. 2015ರ ಡಿಸೆಂಬರ್ ಮೊದಲ ವಾರದ ನೆರೆಯಿಂದಾಗಿ ಚೆನ್ನೈನ ವಿಮಾನ ನಿಲ್ದಾಣವನ್ನೇ ಹಲವು ದಿನ ಮುಚ್ಚಬೇಕಾಯಿತು. ಕಾರಣಗಳು ಬೇರೆ ಬೇರೆಯಾದರೂ ಪರಿಣಾಮ ಒಂದೇ: ಇಡೀ ಊರು ನಿಂತಾಗ ಅಲ್ಲಿನ ಕಚೇರಿಯೂ ನಿಲ್ಲುತ್ತದೆ. ಆದರೆ ದೂರದ ಜಿಲ್ಲೆಯಲ್ಲಿ ಪಂಪ್‌ಸೆಟ್ ಕೆಟ್ಟು ಸಹಾಯವಾಣಿಗೆ ಕರೆ ಮಾಡುವ ಗ್ರಾಹಕನಿಗೆ ಈ ಯಾವ ಕಾರಣವೂ ಕಾಣಿಸದು. ಅವನು ಇನ್ನೊಂದು ಕಂಪನಿಯ ಸಂಖ್ಯೆಯನ್ನು ಒತ್ತುತ್ತಾನೆ. ಹೀಗೆ ಕೈತಪ್ಪಿದ ವ್ಯಾಪಾರವು ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಇದಕ್ಕೆ ಪರಿಹಾರವೇ ಎರಡು ನೆಲೆಗಳ ಏರ್ಪಾಟು. ಒಂದು ನೆಲೆ ವಿಫಲವಾದಾಗ ಇನ್ನೊಂದು ತಾನಾಗಿಯೇ ಹೊಣೆ ವಹಿಸಿಕೊಳ್ಳುವ ಈ ಕ್ರಮಕ್ಕೆ ಫೇಲ್‌ಓವರ್ ಎನ್ನುತ್ತಾರೆ. ಹಿಂದೆ ದೊಡ್ಡ ಸಂಸ್ಥೆಗಳಿಗಷ್ಟೇ ಸಾಧ್ಯವಿದ್ದ ಈ ವ್ಯವಸ್ಥೆ ಇಂದು ಹದಿನೈದು ಇಪ್ಪತ್ತು ಮಂದಿಯ ಸಹಾಯವಾಣಿ ನಡೆಸುವ ಉದ್ಯಮಿಗೂ ಎಟುಕುವಂತಿದೆ. ಆದರೆ ಎಲ್ಲವನ್ನೂ ಎರಡೆರಡು ಕೊಂಡ ಮಾತ್ರಕ್ಕೆ ರಕ್ಷಣೆ ದೊರೆಯದು. ಎರಡೂ ಒಂದೇ ಕಾರಣಕ್ಕೆ ನಿಲ್ಲದಂತೆ ನೋಡಿಕೊಳ್ಳುವುದೇ ಈ ವಿನ್ಯಾಸದ ತಿರುಳು.

ನೆಲೆಯ ಆಯ್ಕೆ

ಒಂದೇ ನಗರದ ಎರಡು ಬಡಾವಣೆಗಳಲ್ಲಿ ಕಚೇರಿ ತೆರೆದರೆ ಬೆಂಕಿ ಅನಾಹುತದಿಂದ ರಕ್ಷಣೆ ದೊರೆತೀತು; ನೆರೆ, ಬಂದ್‌ಗಳಿಂದ ದೊರೆಯದು. ಬೆಂಗಳೂರಿನಲ್ಲಿ ಒಂದು, ಸುಮಾರು 400 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ಇನ್ನೊಂದು ಇದ್ದರೆ ಎರಡೂ ಒಮ್ಮೆಗೇ ನಿಲ್ಲುವ ಸಂಭವ ಬಹಳ ಕಡಿಮೆ. ದೂರದಿಂದ ಧ್ವನಿ ತಡವಾದೀತೆಂಬ ಅಂಜಿಕೆ ಬೇಡ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಸುತ್ತು ದಾರಿ ಸೇರಿ 1,000 ಕಿಲೋಮೀಟರ್ ಆದರೂ ತಗಲುವುದು 5 ಮಿಲಿಸೆಕೆಂಡು ಮಾತ್ರ. ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡಿನವರೆಗಿನ ವಿಳಂಬವು ಸಾಮಾನ್ಯ ಸಂಭಾಷಣೆಗೆ ಅಡ್ಡಿಯಾಗದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ತಿಳಿಸುತ್ತದೆ.

ಎರಡು ದೂರಸಂಪರ್ಕ ಕಂಪನಿಗಳಿಂದ ಸಂಪರ್ಕ ಪಡೆದವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಎರಡೂ ಕೇಬಲ್‌ಗಳು ಒಂದೇ ಕೊಳವೆಯಲ್ಲಿ ಬರುತ್ತಿವೆಯೇ? ಹಾಗಿದ್ದಲ್ಲಿ ರಸ್ತೆ ಅಗೆಯುವ ಒಂದೇ ಯಂತ್ರ ಎರಡನ್ನೂ ತುಂಡರಿಸಬಲ್ಲದು. ವಿದ್ಯುತ್ತಿನ ವಿಚಾರದಲ್ಲಿಯೂ ಹೀಗೆಯೇ. 2012ರ ಜುಲೈ ಕೊನೆಯಲ್ಲಿ ಉತ್ತರ ಭಾರತದ ವಿದ್ಯುತ್ ಜಾಲ ಕುಸಿದಾಗ ದಕ್ಷಿಣದ ಜಾಲ ಪ್ರತ್ಯೇಕವಾಗಿತ್ತು. 2013ರ ಡಿಸೆಂಬರ್ 31ರಂದು ಅದೂ ರಾಷ್ಟ್ರೀಯ ಜಾಲದೊಂದಿಗೆ ಕೂಡಿತು. ಆದ್ದರಿಂದ ಎರಡೂ ನೆಲೆಗಳಲ್ಲಿ ಸ್ವಂತ ಯುಪಿಎಸ್ ಮತ್ತು ಡೀಸೆಲ್ ಜನರೇಟರ್ ಇರಲೇಬೇಕು.

ಕರೆಯನ್ನು ತಿರುಗಿಸುವುದು ಎಲ್ಲಿ?

ಕಚೇರಿಯೊಳಗಿನ ಯಂತ್ರವೇ ಕರೆಯನ್ನು ತಿರುಗಿಸುವಂತಿದ್ದರೆ, ಕಚೇರಿ ನಿಂತೊಡನೆ ತಿರುಗಿಸುವ ಯಂತ್ರವೂ ನಿಲ್ಲುತ್ತದೆ. ಆದ್ದರಿಂದ ತಿರುವು ದೂರಸಂಪರ್ಕ ಕಂಪನಿಯ ಜಾಲದಲ್ಲಿಯೇ ಆಗಬೇಕು. 080ರಿಂದ ಆರಂಭವಾಗುವ ಸ್ಥಿರ ದೂರವಾಣಿ ಸಂಖ್ಯೆ ಬೆಂಗಳೂರಿಗೆ ಕಟ್ಟುಬಿದ್ದದ್ದು. 1800ರ ಶುಲ್ಕರಹಿತ ಸಂಖ್ಯೆಗೆ ಊರಿನ ಹಂಗಿಲ್ಲ. ಅದಕ್ಕೆ ಬರುವ ಕರೆಗಳನ್ನು ಎರಡೂ ನೆಲೆಗಳಿಗೆ ಸಮನಾಗಿ ಹಂಚಿ, ಒಂದು ಉತ್ತರಿಸದಿದ್ದರೆ ಇನ್ನೊಂದಕ್ಕೆ ಕಳುಹಿಸುವ ಏರ್ಪಾಟನ್ನು ಕಂಪನಿಯೊಂದಿಗಿನ ಒಪ್ಪಂದದಲ್ಲಿ ಸೇರಿಸಿಕೊಳ್ಳುವುದು ಲೇಸು.

ಇಲ್ಲಿ ಸಮಯದ ಲೆಕ್ಕ ಮುಖ್ಯ. ಇಂಟರ್ನೆಟ್ ಮಾದರಿಯ ದೂರವಾಣಿಗೆ ಬಳಸುವ ಎಸ್‌ಐಪಿ ನಿಯಮಾವಳಿಯ ಮೂಲ ಅವಧಿಯನ್ನೇ ಉಳಿಸಿಕೊಂಡರೆ, ಉತ್ತರ ಬಾರದ ಕರೆಯನ್ನು ವಿಫಲವೆಂದು ತೀರ್ಮಾನಿಸಲು 32 ಸೆಕೆಂಡು ಬೇಕು. ಅಷ್ಟು ಹೊತ್ತು ಮೌನವನ್ನು ಸಹಿಸುವ ಗ್ರಾಹಕರು ವಿರಳ. ನೆಲೆ ಜೀವಂತವಾಗಿದೆಯೇ ಎಂದು ಕೆಲವು ಸೆಕೆಂಡಿಗೊಮ್ಮೆ ವಿಚಾರಿಸುವ ಸಂದೇಶವನ್ನು ಅಳವಡಿಸಿ ಈ ಅವಧಿಯನ್ನು ತಗ್ಗಿಸಬಹುದು. ನಡೆಯುತ್ತಿರುವ ಸಂಭಾಷಣೆಗಳು ಮಾತ್ರ ಸಾಮಾನ್ಯವಾಗಿ ಕಡಿದುಹೋಗುತ್ತವೆ. ಅಂಥವರಿಗೆ ಮರಳಿ ಕರೆ ಮಾಡಲು ಸಂಖ್ಯೆಗಳ ಪಟ್ಟಿ ಇನ್ನೊಂದು ನೆಲೆಯಲ್ಲಿ ಲಭ್ಯವಿರಬೇಕು.

ಎರಡು ಬಿಲ್ ಪುಸ್ತಕಗಳ ತೊಡಕು

ಎರಡೂ ನೆಲೆಗಳು ಸುಸ್ಥಿತಿಯಲ್ಲಿದ್ದು ನಡುವಿನ ಸಂಪರ್ಕ ಮಾತ್ರ ಕಡಿದರೆ ವಿಚಿತ್ರ ಸ್ಥಿತಿ ಒದಗುತ್ತದೆ. ಪ್ರತಿಯೊಂದೂ ಇನ್ನೊಂದು ಸತ್ತಿತೆಂದು ಭಾವಿಸಿ ತಾನೇ ಯಜಮಾನನಂತೆ ವರ್ತಿಸುತ್ತದೆ. ಎರಡು ಅಂಗಡಿಗಳಲ್ಲಿ ಒಂದೇ ಕ್ರಮಾಂಕದ ಬಿಲ್ ಪುಸ್ತಕ ಬಳಸಿದಂತೆ, ಇಬ್ಬರು ಗ್ರಾಹಕರಿಗೆ ಒಂದೇ ದೂರು ಸಂಖ್ಯೆ ದೊರೆಯುತ್ತದೆ. ಇದನ್ನು ತಪ್ಪಿಸಲು ಮೂರನೆಯ ಸ್ಥಳದಲ್ಲಿ ಸಾಕ್ಷಿಯಂತೆ ಒಂದು ಸಣ್ಣ ಸರ್ವರ್ ಇಡಲಾಗುತ್ತದೆ. ಮೂವರಲ್ಲಿ ಇಬ್ಬರು ಒಪ್ಪಿದ ಕಡೆಗೆ ಅಧಿಕಾರ. ಇದರ ಜೊತೆಗೆ ವರ್ತಕರಿಗೆ ಚಿರಪರಿಚಿತವಾದ ಉಪಾಯವೂ ಉಂಟು: ಪ್ರತಿ ನೆಲೆಯ ದೂರು ಸಂಖ್ಯೆಗೆ ಪ್ರತ್ಯೇಕ ಶ್ರೇಣಿ ನೀಡುವುದು.

ಸಿಬ್ಬಂದಿಯ ಗಣಿತ

ಅನೇಕ ಯೋಜನೆಗಳು ಎಡವುವುದು ಇಲ್ಲಿಯೇ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಅವರು 1909ರಲ್ಲಿಯೇ ದೂರವಾಣಿ ದಟ್ಟಣೆಯ ಗಣಿತಕ್ಕೆ ಬುನಾದಿ ಹಾಕಿದರು. ಉದಾಹರಣೆಗೆ, ಗಂಟೆಗೆ 180 ಕರೆಗಳು, ಪ್ರತಿಯೊಂದಕ್ಕೆ 4 ನಿಮಿಷ ಎಂದಿಟ್ಟುಕೊಂಡರೆ ಒಟ್ಟು 720 ನಿಮಿಷ, ಅಂದರೆ 12 ಮಂದಿಗೆ ಬಿಡುವಿಲ್ಲದ ಕೆಲಸ. ಪ್ರತಿ ನೆಲೆಯಲ್ಲಿ 8ರಂತೆ 16 ಮಂದಿ ಇದ್ದರೆ ನಿತ್ಯದ ಕೆಲಸ ಸುಗಮ. ಒಂದು ನೆಲೆ ನಿಂತರೆ ಉಳಿದ 8 ಮಂದಿ ಗಂಟೆಗೆ 120 ಕರೆಗಳನ್ನಷ್ಟೇ ಪೂರೈಸಬಲ್ಲರು. ಉಳಿದ 60 ಕರೆಗಳು ಸಾಲಿನಲ್ಲಿ ಬೆಳೆಯುತ್ತ ಹೋಗುತ್ತವೆ. ಒಂದು ಪಿಆರ್‌ಐ ಸಂಪರ್ಕದಲ್ಲಿ 30 ಧ್ವನಿಮಾರ್ಗಗಳು ಮಾತ್ರ. ಕಾಯುತ್ತಿರುವ ಗ್ರಾಹಕನೂ ಒಂದು ಮಾರ್ಗವನ್ನು ಹಿಡಿದಿರುತ್ತಾನೆ. 8 ಮಂದಿ ಮಾತಿನಲ್ಲಿ, 22 ಮಂದಿ ಸಾಲಿನಲ್ಲಿ ಇದ್ದಾಗ 31ನೆಯವನಿಗೆ ಕೇಳಿಸುವುದು ಎಂಗೇಜ್ ಸದ್ದು. ಯಂತ್ರ ಹೊಣೆ ಹೊತ್ತರೂ ಸಂಸ್ಥೆ ಸೋತಂತೆಯೇ.

ಸಿಬ್ಬಂದಿಯನ್ನು ಇಮ್ಮಡಿಗೊಳಿಸುವುದು ಸಣ್ಣ ಉದ್ಯಮಕ್ಕೆ ದುಬಾರಿ. ಬದಲಾಗಿ ಸಂಖ್ಯೆಯನ್ನು ದಾಖಲಿಸಿಕೊಂಡು ಮರಳಿ ಕರೆಯುವ ಧ್ವನಿಮುದ್ರಿತ ಸೂಚನೆ, ತುರ್ತು ದೂರುಗಳಿಗೆ ಆದ್ಯತೆ, ಹೆಚ್ಚುವರಿ ಧ್ವನಿಮಾರ್ಗಗಳು, ಮನೆಯಿಂದಲೇ ಕೆಲಸ ಮಾಡಬಲ್ಲ ಕೆಲವರು ಇದ್ದರೆ ನಿಭಾಯಿಸಬಹುದು. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಎಲ್ಲ ಊರುಗಳೂ ಒಟ್ಟಿಗೆ ಮುಚ್ಚಿದಾಗ ನೆರವಿಗೆ ಬಂದದ್ದು ಮನೆಯಿಂದ ಕೆಲಸವೇ. 2021ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯು ಕಾಲ್ ಸೆಂಟರ್‌ಗಳ ಮಾರ್ಗಸೂಚಿಯನ್ನು ಮತ್ತಷ್ಟು ಸಡಿಲಿಸಿದ್ದರಿಂದ ಇಂಥ ಏರ್ಪಾಟು ಸುಲಭವಾಗಿದೆ.

ಪರೀಕ್ಷೆಯೇ ಪ್ರಮಾಣ

ವರ್ಷವಿಡೀ ಸುಮ್ಮನಿರುವ ಎರಡನೆಯ ನೆಲೆಯನ್ನು ಆಪತ್ತಿನ ದಿನ ನಂಬುವುದು ಅಪಾಯಕರ. ಎರಡೂ ನಿತ್ಯ ಕೆಲಸ ಮಾಡುತ್ತಿದ್ದರೆ ದೋಷಗಳು ಆಗಿಂದಾಗ್ಗೆ ಗೋಚರಿಸುತ್ತವೆ. ಮೂರು ತಿಂಗಳಿಗೊಮ್ಮೆ ಕರೆ ಕಡಿಮೆ ಇರುವ ವೇಳೆಯಲ್ಲಿ ಒಂದು ನೆಲೆಯ ಸಂಪರ್ಕವನ್ನು ಬುದ್ಧಿಪೂರ್ವಕವಾಗಿ ಕಡಿದು, ಎಷ್ಟು ಸೆಕೆಂಡಿನಲ್ಲಿ ಕರೆ ತಿರುಗಿತು, ಎಷ್ಟು ಕರೆ ತಪ್ಪಿತು ಎಂಬುದನ್ನು ಬರೆದಿಡಬೇಕು. ಹೊಣೆ ದಾಟುವುದು ತಾನಾಗಿ ಆಗಲಿ. ಮರಳುವುದು ಮಾತ್ರ ಜವಾಬ್ದಾರಿಯುತ ವ್ಯಕ್ತಿಯ ಅಪ್ಪಣೆಯಿಂದಲೇ ಆಗಲಿ. ಇಲ್ಲವಾದರೆ ಅರೆಬರೆ ಚೇತರಿಸಿಕೊಂಡ ನೆಲೆಗೆ ಕರೆಗಳು ಹೋಗಿ ಮತ್ತೆ ಕಡಿದುಬೀಳುತ್ತವೆ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ. ತೋಡಿದ ಬಾವಿಯಲ್ಲಿ ನೀರಿದೆಯೇ ಎಂದು ಆಗಾಗ ಇಣುಕಿ ನೋಡುವುದೂ ಅಷ್ಟೇ ಅವಶ್ಯ.